ಗಾಜಿನ ಅಳತೆ

ಚಪ್ಪಲಿ ಹೊರಗೇ ಬಿಡಿ, ಎಂದರು ಪೆಡ್ನೇಕರ್ ಬಾಯಿ.
ಬಿಟ್ಟೆ. ನೆಲ ತಣ್ಣಗಿತ್ತು, ಈಗಷ್ಟೇ ಹಿಡಿದ ಮೀನಿನ ಹೊಟ್ಟೆಯಂತೆ.

ನಾನು ಬಂದದ್ದು ಒಡೆದ ಒಂದು ಗಾಜಿನ ಅಳತೆಗೆ.
ಅವರು ಮನೆಯನ್ನೆಲ್ಲ ತೋರಿಸಿದರು.
ಮನೆ ಹೊಸದು, ತೋರಿಸುವ ಆಸೆ ಇನ್ನೂ ಹಳತಾಗಿಲ್ಲ.

ಗುಡ್ಡದ ಬೆನ್ನು ಕಡಿದು ಮೂರು ಮೆಟ್ಟಿಲಾಗಿ ಕೂರಿಸಿದ್ದು:
ಕೆಳಗೆ ಕಾರು, ನಡುವೆ ಅಡಿಗೆ, ಮೇಲೆ ನಿದ್ದೆ.
ಗುಂಡಿ ಒತ್ತಿದರೆ ಪರದೆ ತಾನೇ ಸರಿಯುತ್ತದೆ.
ಸರಿಯಿತು. ಕಾರವಾರ ಇಡಿಯಾಗಿ ಒಳಗೆ ಬಂತು:
ಕಾಳಿಯ ಸೇತುವೆ, ಬೈತಖೋಲದ ದೋಣಿಗಳು,
ಕೂರ್ಮಗಡದ ಬೆನ್ನು, ಬಸ್ ನಿಲ್ದಾಣದ ತಗಡು.
"ರಾತ್ರಿ ನೋಡಬೇಕು ನೀವು, ದೀಪ ಹಚ್ಚಿದ ಮೇಲೆ.
ಆ ನೀಲಿ ತಾಡಪತ್ರಿ ಒಂದಿಲ್ಲದಿದ್ದರೆ ಚಿತ್ರವೇ."
ಬೆರಳು ಕೋಡಿಬಾಗದ ಕಡೆಗೆ. ನೋಡಿದೆ.
ಕಳೆದ ಜುಲೈಯಲ್ಲಿ ನಾನೇ ಕಟ್ಟಿದ ತಾಡಪತ್ರಿ,
ಮೂಲೆಗೆ ನಾಲ್ಕು ಚೀರೆಕಲ್ಲು ಹೇರಿ.
ಹೌದು ಬಾಯಿ, ಎಂದೆ. ಕಣ್ಣಿಗೆ ಹೊಡೆಯುತ್ತದೆ.

ಬಂದುಹೋಗುವವರ ಲೆಕ್ಕ ಅವರಿಗೆ ಕಂಠಪಾಠ:
ಮುಸುವಗಳು ನೀರಿನ ಟಾಕಿಯ ಮುಚ್ಚಳ ತೆಗೆದವು;
ಪುನುಗು ಬೆಕ್ಕು ಕಾರಿನ ಬಾನೆಟ್ ಮೇಲೆ
ಬೈನೆ ಬೀಜ ಹೇತು ಹೋಗುತ್ತದೆ
("ಪಾಪ, ಬಂಡೆ ಅಂದುಕೊಂಡಿರಬೇಕು");
ಒಂದು ಉಡ ಈಜುಕೊಳದ ಏಣಿ ಹಿಡಿದು ಮಧ್ಯಾಹ್ನವಿಡೀ
ಸಾಲ ವಸೂಲಿಗೆ ಬಂದವನ ಹಾಗೆ ಕೂತಿತ್ತಂತೆ.
ಫೋನಿನಲ್ಲಿ ಎಲ್ಲರ ಫೋಟೋ. ಎಲ್ಲರಿಗೂ ಹೆಸರು.
ಉಡದ ಹೆಸರು ಮ್ಯಾನೇಜರ್.

"ಮತ್ತೆ ಈ ಕಳ್ಳ," ಎಂದರು, ಮಲಗುವ ಕೋಣೆಯಲ್ಲಿ.
ಮಂಗಟ್ಟೆ. ಫೆಬ್ರವರಿಯಿಂದ ದಿನಾ ಬೆಳಗಾದರೆ
ಇದೇ ಗಾಜಿಗೆ ಕೊಕ್ಕು.
"ತನ್ನದೇ ನೆರಳಿನ ಮೇಲೆ ಸಿಟ್ಟಂತೆ, ಇಂಟರ್ನೆಟ್ಟಿನಲ್ಲಿದೆ."
ಇರಬಹುದು. ಬಿರುಕು ಜೇಡರ ಬಲೆಯಾಗಿ ಹಬ್ಬಿತ್ತು,
ನಡುವೆ ಕೆಂಪು ಕಲೆ. ನೆತ್ತರೆಂದು ಉಗುರಿನಿಂದ ಕೆರೆದೆ.
ಹಣ್ಣು. ಅತ್ತಿಯ ಹಣ್ಣು, ಬೀಜ ಸಮೇತ.
ಸಿಟ್ಟಾದವರು ಯಾರೂ
ಬುತ್ತಿ ಕಟ್ಟಿಕೊಂಡು ಬರುವುದಿಲ್ಲ.

ಚಹಾ ಕೊಟ್ಟರು. ಒಂದೇ ಹಲಗೆಯ ಊಟದ ಮೇಜು.
"ಈ ಜಾಗದ್ದೇ ಮತ್ತಿ ಮರ. ಕಡಿಯಲೇಬೇಕಾಯಿತು,
ಎಸೆಯಲು ಮನಸ್ಸು ಬರಲಿಲ್ಲ."
ಹಲಗೆಯ ನಡುವೆ ಒಂದು ಪೊಟರೆ,
ಅದಕ್ಕೆ ರಾಳ ಸುರಿದು ಕೊಳ ಮಾಡಿಸಿದ್ದಾರೆ.
ಕೊಳದ ತಳದಲ್ಲಿ, ಅಂಚಿಗೆ, ಒಣಗಿದ ಮಣ್ಣು.
ಬಡಗಿ ಕೆರೆಯಲು ಮರೆತದ್ದು.
ಹೆಣ್ಣು ಒಳಗೆ ಕೂತು ಬಾಗಿಲಿಗೆ ಮೆತ್ತುತ್ತದಲ್ಲ,
ಗಂಡಿನ ಕೊಕ್ಕಿಗೆ ಇಷ್ಟೇ ಇಷ್ಟು ಬಿಟ್ಟು,
ಆ ಮಣ್ಣು.

ಹೇಳಲಿಲ್ಲ. ಬಾಯಿ ಒಳ್ಳೆಯವರು,
ಬಿಸ್ಕತ್ತು ಎರಡನೇ ಸಲ ಮುಂದಿಟ್ಟರು.
ಲೋಟ ಮಾತ್ರ ಆ ಜಾಗದಿಂದ ಎತ್ತಿ
ಬದಿಗಿಟ್ಟೆ.

ಮೂರಡಿ ಹತ್ತಂಗುಲ, ಐದಡಿ ಎರಡೂವರೆ.
"ಈ ಸಲ ಒಡೆಯದ್ದು ಹಾಕಿ."
ಹೊರಮೈ ಮಂಕಾದದ್ದು ಹಾಕೋಣ ಬಾಯಿ,
ಹಕ್ಕಿಗೆ ಏನೂ ಕಾಣದ ಹಾಗೆ.
"ಆಗ ನಮಗೆ ಊರು?"
ಊರೂ ಸ್ವಲ್ಪ ಮಂಕು.
ಯೋಚಿಸಿ ಫೋನ್ ಮಾಡುತ್ತೇನೆ ಎಂದರು.

ಇಳಿಜಾರಿನಲ್ಲಿ ಸ್ಕೂಟರಿನ ಇಂಜಿನ್ ಆರಿಸಿ ಬಂದೆ.
ಮನೆ ಸೇರಿದವನೇ ಏಣಿ ಹಾಕಿ
ತಾಡಪತ್ರಿಯ ಸುಕ್ಕು ಎಳೆದು, ಕಲ್ಲು ಸರಿಯಾಗಿಟ್ಟೆ.
ಹೆಂಡತಿ ಕೇಳಿದಳು, ಈ ಕತ್ತಲಲ್ಲಿ ಯಾಕೆ.
ಇರಲಿ ಎಂದೆ. ಯಾರೋ ನೋಡುತ್ತಿರುತ್ತಾರೆ,
ದೀಪ ಹಚ್ಚಿದ ಮೇಲೆ.