ಝಾಲರಿ ಅಂಗಿ

ಮನಾಮಾದ ಹೂರಾ ಬೀದಿ, ಮೂರು ಚುಕ್ಕಿಯ ಹೋಟೆಲ್ಲು,
ನೆಲಮಾಳಿಗೆಯಲ್ಲಿ ನನ್ನ ಇಸ್ತ್ರಿ ಮೇಜು.
ಸರಿಯಾಗಿ ಅದರ ನೆತ್ತಿಯ ಮೇಲೆ ಬಾರಿನ ವೇದಿಕೆ.
ಹನ್ನೊಂದು ವರ್ಷ ಅವನ ಹಾಡು ಕೇಳಿದ್ದು ಹೀಗೆ, ಕೆಳಗಿನಿಂದ:
ಬೂಟಿನ ತಾಳ ಮೊದಲು, ಗಿಟಾರು ಆಮೇಲೆ,
ಮಾತು ಕೊನೆಗೆ, ಅದೂ ಅರ್ಧಂಬರ್ಧ.

ಡೆನ್ಜಿಲ್ ಪ್ರಾಕ್ಟರ್. ಊರು ಕೋಲಾರದ ಚಿನ್ನದ ಗಣಿ.
ಮೊದಲ ದಿನ ಟೋಕನ್ನು ಇಸಿದುಕೊಳ್ಳುತ್ತ
'ಕೊಪ್ಪಳವಾ? ಅಲ್ಲೂ ಬಂಡೆ ತಾನೆ' ಅಂದ,
ತಮಿಳು ಬೆರೆತ, ಇಂಗ್ಲಿಷು ಸವರಿದ ಕನ್ನಡದಲ್ಲಿ.

ಅಂಗಿಯ ತೋಳುದ್ದಕ್ಕೂ ಝಾಲರಿ.
ಎಳೆ ಎಳೆ ಬಿಡಿಸಿ ಇಸ್ತ್ರಿ ಹಾಕಬೇಕು.
ಹೈದರಾಬಾದಿನ ದರ್ಜಿ ಬೆನ್ನಿಗೆ ಕುದುರೆ ಬಿಡಿಸಲು ಹೋಗಿ
ಕತ್ತೆಯಾಗಿತ್ತು.
'ಇರಲಿ ಬಿಡು, ಹಾಡೋನೂ ಅದೇ.'

ಗುರುವಾರ ರಾತ್ರಿ ತೈಲ ಕಂಪನಿಯವರು,
ಸೇತುವೆ ದಾಟಿ ಸೌದಿ ಕಡೆಯವರೂ.
ಅವರಿಗೆ ಬೇಕು ಅವರ ಸೀಮೆಯ ಹಾಡು:
ಲಾರಿ, ರೈಲು, ಬಿಟ್ಟುಹೋದ ಹೆಂಡತಿ, ಬಿಡದ ನಾಯಿ.
ಎಂದೂ ನೋಡದ ಜೋಳದ ಹೊಲಕ್ಕೆ
ಕಣ್ಣು ತುಂಬಿಕೊಳ್ಳುತ್ತಿದ್ದ, ಸಂಬಳಕ್ಕೆ ತಕ್ಕಷ್ಟು.
ನಡುವೆ ಒಂದೇ ಒಂದು ಸ್ವಂತದ್ದು ತೂರಿಸುತ್ತಿದ್ದ.

ಗಣಿಯ ಹಾಡು ಅದು.
ಪಂಜರದಲ್ಲಿ ಇಳಿಯುವ ಅಪ್ಪನ ದೀಪ
ಅಕ್ಕಿಕಾಳಿನಷ್ಟಾಗಿ
ಆಮೇಲೆ ಅಷ್ಟೂ ಇಲ್ಲದಾಗುವ ಹಾಡು.
ಟೆಕ್ಸಾಸಿನವನೊಬ್ಬ ಎದ್ದು ಬಂದು
'ನಮ್ಮಜ್ಜ ಹಾಡುತ್ತಿದ್ದ, ನಮ್ಮ ಕಡೆಯದು' ಎಂದು
ಹತ್ತು ದಿನಾರು ತಂತಿಗೆ ಸಿಕ್ಕಿಸಿ ಹೋದನಂತೆ.
ಡೆನ್ಜಿಲ್ ತಿದ್ದಲಿಲ್ಲ.
'ನೋಟು ಹರಿದಿರಲಿಲ್ಲ' ಅಂದ ನನಗೆ.

ತಿದ್ದಿದವನು ಬಾಗಿಲ ಕಾಯುವ ಜುಮಾ, ಮುಹರಕ್ಕಿನ ಮುದುಕ.
ಅವನಜ್ಜ ಮುತ್ತಿನ ದೋಣಿಯ ನಹ್ಹಾಮ್,
ಹುಟ್ಟು ಹಾಕುವ ರಟ್ಟೆಗಳಿಗೆ ಹಾಡಿ ಕೂಲಿ ಪಡೆದವನು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು ಕಟ್ಟಿ ಇಳಿದವರಲ್ಲಿ
ಎಷ್ಟು ಮಂದಿ ಮೇಲೆ ಬಂದರೆಂದು ಎಣಿಸಿಯೇ
ಸಂಜೆ ದನಿ ಎತ್ತುತ್ತಿದ್ದನಂತೆ.
'ನಿನ್ನಪ್ಪ ಮುಳುಗಿದ್ದು ಒಣ ಕಡಲಲ್ಲಿ, ಅಷ್ಟೆ'
ಎಂದು ಜುಮಾ ಹೊಟ್ಟೆಯಿಂದ ಒಂದು ಗುಂಯ್ ಎಳೆದ.
ಕೆಳಗೆ ನನ್ನ ಡಬ್ಬಿಯ ಗುಂಡಿಗಳು ಕಿಣಿಕಿಣಿ ಅಂದವು.
ಅಂದಿನಿಂದ ಆ ಹಾಡಿಗೆ ಅದೇ ತಳ.

ಗಣಿ ಮುಚ್ಚಿದ ಸುದ್ದಿ ಬಂದ ರಾತ್ರಿ
ಯಾರದೋ ಹುಟ್ಟುಹಬ್ಬ.
ಕೇಳಿದ್ದೆಲ್ಲ ಹಾಡಿದ, ಅದೊಂದು ಬಿಟ್ಟು.

ಹೆಂಡತಿ ಪರ್ತಿಗೆ ಹೊರಟಳು, ಹಾಡಿನ ಹೆಂಡತಿಯರಂತೆ
ಅರ್ಧರಾತ್ರಿಯ ರೈಲಿನಲ್ಲಲ್ಲ,
ಹಗಲಿನ ವಿಮಾನದಲ್ಲಿ, ಕಾಗದಪತ್ರ ಎಲ್ಲ ಸರಿಯಾಗಿ.
ಇದರ ಮೇಲೊಂದು ಬರೆಯೋ ಅಂದರೆ
'ಪ್ರಾಸ ಸಿಗ್ತಿಲ್ಲ ಮಚ್ಚಾ.'

ಒಂದು ಸಿಡಿಯನ್ನೂ ತಂದ.
ಸೂಕಿನ ಅಂಗಡಿಯ ಹಿಂದಿನ ಕೋಣೆ,
ಸದ್ದು ಸೇರೀತೆಂದು ಎಸಿ ಆರಿಸಿ, ಆಗಸ್ಟ್ ತಿಂಗಳಲ್ಲಿ.
ಆ ಅಂಗಿಯ ಉಪ್ಪು ತೆಗೆಯಲು ನಾನು ಎರಡು ಸಲ ನೆನೆಸಿದೆ.
ಮುನ್ನೂರರಲ್ಲಿ ನಲವತ್ತಾರು ಖರ್ಚಾದವು.
ಮಿಕ್ಕವನ್ನು ಗುದೈಬಿಯಾದ ಬಾಲ್ಕನಿಯಲ್ಲಿ
ದಾರ ಕಟ್ಟಿ ನೇತುಬಿಟ್ಟ, ಪಾರಿವಾಳ ಬಾರದಿರಲೆಂದು.
ಬಿಸಿಲಿಗೆ ಇಡೀ ಗಲ್ಲಿಯ ಗೋಡೆಗಳ ಮೇಲೆ
ಬೆಳಕಿನ ಬಿಲ್ಲೆಗಳು ಓಡಾಡುತ್ತಿದ್ದವು.
ಪಾರಿವಾಳ ಬರುತ್ತಲೇ ಇದ್ದವು.

ಈಗ ಗಂಟಲು ಹೋಗಿದೆ.
ಅಂಗಿ ಮಾರಿಸೆಲ್ ಎಂಬ ಫಿಲಿಪಿನೋ ಹುಡುಗಿಗೆ ಹೋಗಿದೆ.
ತೋಳು ಕತ್ತರಿಸಿ ಮೈಗೆ ಒಗ್ಗಿಸಿಕೊಂಡಿದ್ದಾಳೆ,
ಕತ್ತೆ ಹಾಗೇ ಇದೆ.
ನಿನ್ನೆ ಮೇಲೆ ಅದೇ ಹಾಡು ಶುರುವಾಯಿತು,
ಊರಿನ ಹೆಸರು ಮಾತ್ರ ಬೇರೆ: ಬೆಂಗೆಟ್.
ಅವಳ ಕಡೆಯೂ ಚಿನ್ನದ ಗಣಿಯಂತೆ.
ಯಾರ ಹಾಡಮ್ಮ ಎಂದು ಮೊನ್ನೆ ಕೇಳಿದ್ದೆ.
'ಹಳೇದು, ಯಾರದೋ.'

ಡೆನ್ಜಿಲ್ ನನ್ನ ಬಕೆಟ್ಟು ಬೋರಲು ಹಾಕಿ ಕೂತಿದ್ದ,
ಮೊದಲ ಸಲ ಕೆಳಗಿನಿಂದ ಕೇಳುತ್ತ, ಕತ್ತು ಎತ್ತಿ.
'ಎರಡನೇ ಸಾಲಲ್ಲಿ ಉಸಿರು ಬೇಗ ಬಿಡ್ತಾಳೆ.'
ಹೋಗಿ ಹೇಳು, ಅಂದೆ. ಇದು ನಂದು ಅಂತಲೂ ಹೇಳು.
ಕೈ ಅಡ್ಡ ಹಿಡಿದ.
'ಸುಮ್ನಿರು. ಇನ್ನೂ ಇಳೀತಿದಾಳೆ.
ದೀಪ ಕಾಣ್ತಿದೆ.'