ಮಟ್ಟ ಓದುವವನು

ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಮೆಟ್ಟಿಲಿಳಿಯುತ್ತೇನೆ.
ನೀರು ಮುಟ್ಟಿದ ಅಂಕಿ ಮಾತ್ರ ನನ್ನದು,
ನೀರು ನನ್ನದಲ್ಲ.
ಎರಡು ಸಾವಿರದ ಎಂಟುನೂರ ಐವತ್ತಾರು, ದಶಾಂಶ ನಾಲ್ಕು.
ಬೆರಳಿಗೆ ಅಂಟಿದ ರಿಜಿಸ್ಟರಿನ ಹಾಳೆ ಬಿಡಿಸಿ ಬರೆಯುತ್ತೇನೆ.
ಒಳಹರಿವಿನ ಅಂಕಣ ಸಾಲದೆ
ಸೊನ್ನೆಯೊಂದು ಪಕ್ಕದ ಮನೆಗೆ ಕಾಲಿಡುತ್ತದೆ.

ಮೇಲೆ ಮಾದಾಪುರದ ಹೊಳೆ ಕೆಂಪಾಗಿದೆಯಂತೆ.
ಪುಷ್ಪಗಿರಿಯ ತಪ್ಪಲಲ್ಲಿ ಮಳೆ ಬೀಳುತ್ತಿಲ್ಲವಂತೆ,
ನಿಂತುಬಿಟ್ಟಿದೆಯಂತೆ, ನೆಟ್ಟ ಕಂಬದ ಹಾಗೆ.

ಹತ್ತೂವರೆಗೇ ನಬೀಸಾಳ ಫೋನು ಬಂದಿತ್ತು:
"ಅಣ್ಣಾ, ಮಂಚದ ಮೇಲೆ ಮಂಚ ಇಡಲಾ, ಬೇಡವಾ?"
ಕುಶಾಲನಗರದ ತಗ್ಗು ಬಡಾವಣೆ, ಕೊನೆಯ ಸಾಲಿನ ಮನೆ.
ನಾವು ಬಿಟ್ಟ ನೀರು ಅವಳ ಬಾಗಿಲಿಗೆ ಹೋಗುವುದೇ ಇಲ್ಲ.
ಕೂಡಿಗೆಯಲ್ಲಿ ಹಾರಂಗಿ ಅಡ್ಡ ನಿಲ್ಲುತ್ತದೆ, ಅಷ್ಟೆ;
ದಾರಿ ಸಿಗದ ಕಾವೇರಿ ಹಿಂದಕ್ಕೆ ಸರಿದು
ನಬೀಸಾಳ ಹಿತ್ತಿಲಲ್ಲಿ ಕೂತು, ಆಮೇಲೆ ಒಳಗೆ ಬಂದು
ಮಿಕ್ಸಿ, ಮಕ್ಕಳ ಪುಸ್ತಕ, ಅಕ್ಕಿ ಡಬ್ಬ
ಒಂದೊಂದೇ ಮುಟ್ಟಿ ನೋಡುತ್ತಾಳೆ.
"ಇಡು" ಎನ್ನುವ ಅಧಿಕಾರ ನನಗಿಲ್ಲ.
"ಇಡು" ಎಂದೆ.

ಹೋದ ತಿಂಗಳು ಇದೇ ಫೋನಿನಲ್ಲಿ
ನಾಲೆಯ ಕೊನೆಯಿಂದ ಚೆಲುವೇಗೌಡ:
"ತುಂಬಿಸ್ರಪ್ಪಾ ಬೇಗ. ಸಸಿಮಡಿ ಹಳದಿ ತಿರುಗ್ತಾ ಐತೆ."
ಬೆಳೆಗೆ ಇದು ತುಂಬಿರಬೇಕು. ನೆರೆಗೆ ಬರಿದಾಗಿರಬೇಕು.
ದೀಪಕ್ಕೆ ಸದಾ ಬೀಳುತ್ತಲೇ ಇರಬೇಕು.
ವಿವಿಧೋದ್ದೇಶ ಎಂದು ಬೋರ್ಡಿನಲ್ಲಿ ಒಂದೇ ಪದ;
ಬರೆದವನು ಆಟಿ ತಿಂಗಳ ರಾತ್ರಿ ಇಲ್ಲಿ ನಿಂತವನಲ್ಲ.

ನಮ್ಮಮ್ಮ ಪಚ್ಚೆಯಮ್ಮ ಸೇಲಂ ಕಡೆಯವಳು,
ಈ ಏರಿಗೆ ಮಣ್ಣು ಹೊತ್ತವಳು.
ಬುಟ್ಟಿಗೊಂದು ತಗಡಿನ ಬಿಲ್ಲೆ, ಬಿಲ್ಲೆ ಎಣಿಸಿ ಶನಿವಾರ ಕೂಲಿ.
ಲೇಬರ್ ಕಾಲೊನಿಯಲ್ಲಿ ನಾನು ಹೊಟ್ಟೆಯಲ್ಲಿದ್ದಾಗ
ಊರಿನವರು ಯಾರೋ ಕೊಟ್ಟ ಕಕ್ಕಡದ ಮದ್ದುಸೊಪ್ಪಿನ ಪಾಯಸ ಉಂಡು
ಮರುದಿನ ಮೂತ್ರ ಕೆಂಪಾದದ್ದು ನೋಡಿ
ಮಗು ಹೋಯಿತು ಎಂದು ಅತ್ತಳಂತೆ.
ಊರಿನವರು ನಕ್ಕರಂತೆ. ಅವರಿಗೂ ಆಗ ಊರು ಇತ್ತು.

ಮೊಣ್ಣಪ್ಪಜ್ಜ ಏಪ್ರಿಲ್ಲಿನಲ್ಲಿ ಬರುತ್ತಾರೆ,
ಮಡಚಿದ ಕೊಡೆ ಊರಿಕೊಂಡು, "ಇವತ್ತೆಷ್ಟು?"
ಎಂಟುನೂರ ಹದಿನೇಳಕ್ಕೆ ಇಳಿದರೆ
ಅವರ ಗದ್ದೆಯ ಬದು ಕಾಣುತ್ತದೆ. ಯಾವ ರಿಜಿಸ್ಟರಿನಲ್ಲೂ ಇಲ್ಲ ಇದು.
"ಇನ್ನೂ ಮೂರಡಿ ಅಜ್ಜಾ."
ಒಂದು ವರ್ಷ ಕಂಡಿತು. ಪಂಚೆ ಎತ್ತಿ ಕಟ್ಟಿ ಇಳಿದು ಹೋದರು,
ಬದು ಎಲ್ಲೋ ಒಡೆದಿತ್ತು,
ಎರಡು ಬೊಗಸೆ ಕೆಸರು ಮೆತ್ತಿ, ಕಾಲಲ್ಲಿ ತುಳಿದು, ಮುಚ್ಚಿ ಬಂದರು.
ಮಳೆಗಾಲಕ್ಕೆ ಇನ್ನು ಆರು ವಾರ.

ನಮ್ಮೂರು ಮುಳುಗಿತು ಎನ್ನುತ್ತಾರೆ ಅವರು.
ನಾನು ಏನೆನ್ನಲಿ?
ನನಗೆ ಇದೇ ಊರು. ಮುಳುಗಿಸಿದ್ದೇ ನನ್ನೂರು.

ನಾಲ್ಕಕ್ಕೆ ಆದೇಶ. ಸೈರನ್ನು ಮೂರು ಸಲ.
ಗೇಟು ಒಂದಡಿ. ಎರಡಡಿ.
ಕಾಲ ಕೆಳಗೆ ಕಟ್ಟೆ ಸಣ್ಣಗೆ ಅದುರುತ್ತದೆ,
ಬುಟ್ಟಿ ಇಳಿಸಿ ಸೊಂಟ ನೆಟ್ಟಗೆ ಮಾಡುವವಳ ಹಾಗೆ.

ಐದಕ್ಕೆ ಮತ್ತೆ ಇಳಿದೆ. ಅದೇ ಅಂಕಿ.
ಬಂದಷ್ಟೂ ಹೋಗುತ್ತಿದೆ, ಲೆಕ್ಕ ಸರಿಯಾಗಿದೆ.
ಅಲ್ಲಿ ಮಂಚದ ಮೇಲೆ ಮಂಚ, ಅದರ ಮೇಲೆ ಮಕ್ಕಳು,
ಮಕ್ಕಳ ತಲೆಗೂ ತಾರಸಿಗೂ ನಡುವೆ ಎಷ್ಟೋ ಅಂಗುಲ ಗಾಳಿ;
ಅದನ್ನು ಓದುವ ಪಟ್ಟಿಯನ್ನು ಇಲಾಖೆ ನೆಟ್ಟಿಲ್ಲ.

ಫೋನು ಮಾಡಿದ್ದೇನೆ.
ರಿಂಗಾಗುತ್ತಿದೆ.