ಗಾಜಿನ ಬಟ್ಟಲು

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲು, ಮಧ್ಯಾಹ್ನ.
ಗೋಣಿಚೀಲದ ಮೇಲೆ ನಾಲ್ಕು ಪಂಪು ಹರಡಿ
ಗಫಾರ್ ಸಾಬ್ರು ಬೀಡಿ ಹಚ್ಚಲು ಹೋದವರು
ಪೆಟ್ರೋಲಿನ ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡರು.

"ಇದು ಹೊಸದು. ಡಬ್ಬಿಯಷ್ಟೇ ಚಂದ.
ಇದು ಅಂಬಾಸಿಡರಿನದು. ಕೂರತ್ತೆ, ಆದರೆ
ಕೈ ಒಂದು ನೂಲು ಉದ್ದ, ಕ್ಯಾಮಿಗೆ ಹೊಡೆಯತ್ತೆ.
ಇದು ಕರೆಂಟಿನದು. ಹಾಕಿ ಮರೆತುಬಿಡಿ ಅಕ್ಕಾ."

ಮರೆಯುವುದಾದರೆ ಐವತ್ತೆರಡು ವರ್ಷದ ಜೀಪು ಯಾಕೆ ಬೇಕಿತ್ತು?
ಕೇಳಲಿಲ್ಲ. ಕೇಳಿದ್ದು ಬೇರೆ:
ಗಾಡಿ ಮಗುಚಿದರೆ ಇದು ನಿಲ್ಲತ್ತಾ?
ಸಾಬ್ರು ತಲೆ ಕೆರೆದರು.
"ಕೀ ತೆಗೆಯೋ ತನಕ ಹೊಡೀತಾನೇ ಇರತ್ತೆ."

ಮೊನ್ನೆ ಮಂಡಗದ್ದೆ ದಾಟಿದ ಏರಿನಲ್ಲಿ
ಕೆಮ್ಮಿ ಕೆಮ್ಮಿ ನಿಂತಿತಲ್ಲ,
ಹಿಂದೆ ಎಂಟು ಟ್ರೇ ಬನ್ನು, ಅದರ ಹಿಂದೆ ಹಾರನ್ನು,
ಬಾನೆಟ್ಟು ಎತ್ತಿದೆ: ಬಟ್ಟಲು ಖಾಲಿ.
ಕಾಯಿಲೆ ಗಾಜಿನಲ್ಲೇ ಕಾಣುತ್ತಿತ್ತು.
ಯಾರನ್ನೂ ಕೇಳಬೇಕಿರಲಿಲ್ಲ.

ನಾಲ್ಕನೆಯದು ಗುಜರಿಯದು. ಮೈಯೆಲ್ಲ ತುಕ್ಕು,
ಡಯಾಫ್ರಂ ಒಣಗಿ ಹಪ್ಪಳ.
ಕೈ ಮಾತ್ರ ಸರಿಯಾದ ಅಳತೆ.
ಬೆರಳಲ್ಲಿ ಒತ್ತಿದೆ, ಕರಕರ ಅಂದು ವಾಪಸು ಬಂತು.
"ಈಗಿನ ಪೆಟ್ರೋಲು ಹಳೇ ರಬ್ಬರ್ ತಿನ್ನತ್ತೆ,
ಬೇರೆ ಜಾತಿದು ತರಿಸಬೇಕು. ಶನಿವಾರ ಆಗತ್ತೆ."
ಆಗಲಿ.

ನನ್ನ ಹಳೆಯ ಪಂಪಿನ ಬಟ್ಟಲು ಬಿಚ್ಚಿ
ಸೆರಗಿನಲ್ಲಿ ಒರೆಸಿ ಬಿಸಿಲಿಗೆ ಹಿಡಿದೆ.
ತಳದಲ್ಲಿ ಚಿಟಿಕೆ ಕೆಂಪು ಧೂಳು,
ಎಷ್ಟು ವರ್ಷದ ಟ್ಯಾಂಕಿನದೋ.
ಇದನ್ನೇ ಹಾಕಿ, ಅಂದೆ.

ಶನಿವಾರದ ತನಕ ಬನ್ನು ಬಸ್ಸಿನಲ್ಲಿ ಹೋಗಲಿ.
ಕಂಡಕ್ಟರು ಎರಡು ತಿಂತಾನೆ; ತಿನ್ನಲಿ.